ಸಿಗ್ನಲ್‌ನಲ್ಲಿ ಕಾದ ಸೆಕೆಂಡೋ, ಕಾರು ಓಡಿದ ಮೈಲಿಯೋ?

ಕ್ಯಾಲಿಫೋರ್ನಿಯಾದ ಊರುಗಳಿಂದ ಕೆಲವು ವರ್ಷಗಳಿಂದ ಒಂದೇ ಥರದ ಸುದ್ದಿ ಬರುತ್ತಿದೆ. ರೈಲು ನಿಲ್ದಾಣದ ಪಕ್ಕ ನೂರಾರು ಮನೆಗಳ ಅಪಾರ್ಟ್‌ಮೆಂಟ್ ಕಟ್ಟಲು ಬಿಲ್ಡರ್ ಅರ್ಜಿ ಹಾಕುತ್ತಾರೆ. ಅಲ್ಲಿನ ಜಂಕ್ಷನ್‌ನಲ್ಲಿ ಸಂಜೆ ಹೊತ್ತು ಆಗಲೇ ಕಾರುಗಳ ಸಾಲು ನಿಂತಿರುತ್ತದೆ. ಆದರೂ ನಗರಾಡಳಿತದ ವರದಿ 'ಸಾರಿಗೆಯ ಮೇಲೆ ಗಮನಾರ್ಹ ಪರಿಣಾಮ ಇಲ್ಲ' ಎನ್ನುತ್ತದೆ. ಅತ್ತ ಊರಾಚೆ, ರಸ್ತೆ ಖಾಲಿ ಇರುವ ಕಡೆ ಬಡಾವಣೆ ಮಾಡಲು ಹೊರಟವರಿಗೆ 'ಪರಿಣಾಮ ಗಮನಾರ್ಹ, ತಗ್ಗಿಸಲು ದಾರಿಯಿಲ್ಲ' ಎಂಬ ವರದಿ ಸಿಗುತ್ತದೆ. ಜಾಮ್ ಆಗುವ ಕಡೆ ತೊಂದರೆ ಇಲ್ಲ, ಜಾಮ್ ಇಲ್ಲದ ಕಡೆ ತೊಂದರೆ ಇದೆ. ಓದಿದವರಿಗೆ ತಲೆಬುಡ ಗೊತ್ತಾಗುವುದಿಲ್ಲ, ಅಲ್ವಾ?

2025ರ ಜೂನ್ 30ರಂದು ಇದಕ್ಕೆ ಇನ್ನೊಂದು ಸುದ್ದಿ ಸೇರಿಕೊಂಡಿತು. ಅಂದು ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದ ಎಬಿ 130 ಎಂಬ ಕಾನೂನು, ನಗರದೊಳಗಿನ ಬಹಳಷ್ಟು ವಸತಿ ಯೋಜನೆಗಳನ್ನು ಪರಿಸರ ಪರಿಶೀಲನೆಯಿಂದಲೇ ಹೊರಗಿಟ್ಟಿತು. ಉಳಿದ ಯೋಜನೆಗಳಿಗೆ ಒಂದು ಹೊಸ ದಾರಿ ತೆರೆಯಿತು. ತಮ್ಮಿಂದ ಹೆಚ್ಚುವ ಕಾರು ಓಡಾಟಕ್ಕೆ ಅವರು ರಾಜ್ಯದ ನಿಧಿಗೆ ಹಣ ಕಟ್ಟಿ ಪರಿಹಾರ ಮಾಡಿಕೊಳ್ಳಬಹುದು.

ಇದರಲ್ಲಿ ಮೋಸವೂ ಇಲ್ಲ, ಲೆಕ್ಕದ ತಪ್ಪೂ ಇಲ್ಲ. ಬದಲಾಗಿರುವುದು ಅಳತೆ. ಮೊದಲು ಅಧಿಕಾರಿಗಳು 'ಈ ಕಟ್ಟಡ ಬಂದರೆ ಕಾರಿನವರು ಸಿಗ್ನಲ್‌ನಲ್ಲಿ ಎಷ್ಟು ಹೊತ್ತು ಕಾಯಬೇಕಾಗುತ್ತದೆ' ಎಂದು ಕೇಳುತ್ತಿದ್ದರು. ಈಗ 'ಈ ಕಟ್ಟಡದಲ್ಲಿರುವವರು ಕಾರನ್ನು ಎಷ್ಟು ದೂರ ಓಡಿಸುತ್ತಾರೆ' ಎಂದು ಕೇಳುತ್ತಾರೆ. ಪ್ರಶ್ನೆ ಬದಲಾದ ಮೇಲೆ ಉತ್ತರ ತಲೆಕೆಳಗಾಗಲೇಬೇಕು.

ಎ ಯಿಂದ ಎಫ್‌ವರೆಗೆ

ಹಳೆಯ ಅಳತೆಯ ಹೆಸರು ಲೆವೆಲ್ ಆಫ್ ಸರ್ವಿಸ್, ಚಿಕ್ಕದಾಗಿ ಎಲ್‌ಒಎಸ್. ಅಮೆರಿಕದ ಹೈವೇ ಎಂಜಿನಿಯರುಗಳು ಬಳಸುವ ಹೈವೇ ಕೆಪ್ಯಾಸಿಟಿ ಮ್ಯಾನ್ಯುಯಲ್ ಎಂಬ ಕೈಪಿಡಿಯ 1965ರ ಆವೃತ್ತಿಯಲ್ಲಿ ಇದು ಬಂತು. ಶಾಲೆಯ ಗ್ರೇಡಿನಂತೆ ರಸ್ತೆಗೂ ಎ ಯಿಂದ ಎಫ್‌ವರೆಗೆ ಅಕ್ಷರ ಕೊಡುತ್ತಾರೆ. ಸಿಗ್ನಲ್ ಇರುವ ಜಂಕ್ಷನ್‌ನಲ್ಲಿ ಒಂದು ವಾಹನಕ್ಕೆ ಸರಾಸರಿ 10 ಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ ತಡವಾದರೆ ಎ. 35ರಿಂದ 55 ಸೆಕೆಂಡ್ ಆದರೆ ಡಿ. 80 ಸೆಕೆಂಡ್ ದಾಟಿದರೆ ಎಫ್.

ಇದು ಹುಟ್ಟಿದ್ದು ರಸ್ತೆ ಕಟ್ಟುವವರಿಗಾಗಿ. ಎಷ್ಟು ಲೇನ್ ಬೇಕು, ಸಿಗ್ನಲ್ ಎಷ್ಟು ಹೊತ್ತು ಹಸಿರಿರಬೇಕು ಎಂದು ತೀರ್ಮಾನಿಸಲು ಒಳ್ಳೆಯ ಸಾಧನ. ಆದರೆ 1970ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಪರಿಸರ ಗುಣಮಟ್ಟ ಕಾನೂನನ್ನು ತಂದಿತು. ಎಲ್ಲರೂ ಅದನ್ನು ಸೀಕ್ವಾ ಎಂದೇ ಕರೆಯುತ್ತಾರೆ. ಸರ್ಕಾರದ ಅನುಮತಿ ಬೇಕಾದ ಖಾಸಗಿ ಯೋಜನೆಗಳಿಗೂ ಅದು ಅನ್ವಯಿಸುತ್ತದೆ ಎಂದು 1972ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿಂದ ಪ್ರತಿ ಯೋಜನೆಯ ಪರಿಣಾಮ ಅಳೆಯಬೇಕಾಯಿತು. ಸಾರಿಗೆಯ ವಿಷಯಕ್ಕೆ ಕೈಗೆ ಸಿಕ್ಕ ಅಳತೆ ಎಲ್‌ಒಎಸ್. ರಸ್ತೆ ಕಟ್ಟುವವರ ಸಾಧನ ಹೀಗೆ ಪರಿಸರದ ಸಾಧನವಾಗಿಬಿಟ್ಟಿತು. ಕಾರಿನವನು ಇಪ್ಪತ್ತು ಸೆಕೆಂಡ್ ಜಾಸ್ತಿ ಕಾಯುವುದು ಗಾಳಿ ಕೆಡುವುದಕ್ಕೆ, ಹೊಳೆ ಕೆಡುವುದಕ್ಕೆ ಸಮಾನವಾದ ಪರಿಸರ ಹಾನಿ ಎಂದು ಲೆಕ್ಕಕ್ಕೆ ಬಂತು.

ಟ್ರಾಫಿಕ್ ವರದಿ ತಯಾರಾಗುವ ಬಗೆ

ಎಲ್‌ಒಎಸ್ ವರದಿ ತಯಾರಾಗುವುದನ್ನು ಹತ್ತಿರದಿಂದ ನೋಡಿದರೆ ಸಮಸ್ಯೆ ಅರ್ಥವಾಗುತ್ತದೆ. ಬಿಲ್ಡರ್ ಒಬ್ಬ ಕನ್ಸಲ್ಟೆಂಟನ್ನು ಇಟ್ಟುಕೊಳ್ಳುತ್ತಾರೆ. ಬೆಳಗ್ಗೆ ಏಳರಿಂದ ಒಂಬತ್ತು, ಸಂಜೆ ನಾಲ್ಕರಿಂದ ಆರು. ಈ ಹೊತ್ತಿನಲ್ಲಿ ಸುತ್ತಲಿನ ಜಂಕ್ಷನ್‌ಗಳಲ್ಲಿ ವಾಹನ ಎಣಿಸುತ್ತಾರೆ. ನೇರ ಹೋದವು ಎಷ್ಟು, ಎಡಕ್ಕೆ ತಿರುಗಿದವು ಎಷ್ಟು, ಬಲಕ್ಕೆ ಎಷ್ಟು ಎಂದು ಹದಿನೈದು ನಿಮಿಷಕ್ಕೊಮ್ಮೆ ಬರೆದುಕೊಳ್ಳುತ್ತಾರೆ. ಅತಿ ಹೆಚ್ಚು ದಟ್ಟಣೆ ಇರುವ ಒಂದು ಗಂಟೆಯನ್ನು ಆರಿಸಿಕೊಳ್ಳುತ್ತಾರೆ.

ಆಮೇಲೆ ಹೊಸ ಕಟ್ಟಡದಿಂದ ಎಷ್ಟು ಕಾರು ಬರುತ್ತವೆ ಎಂದು ಅಂದಾಜು ಮಾಡಬೇಕು. ಅದಕ್ಕೆ ಅಮೆರಿಕದ ಸಾರಿಗೆ ಎಂಜಿನಿಯರುಗಳ ಸಂಸ್ಥೆಯ ಟ್ರಿಪ್ ಜನರೇಷನ್ ಮ್ಯಾನ್ಯುಯಲ್ ಇದೆ. ಒಂದು ಬಿಡಿ ಮನೆಗೆ ದಿನಕ್ಕೆ ಸುಮಾರು 9.5 ಪ್ರಯಾಣ, ಸಂಜೆಯ ದಟ್ಟಣೆಯ ಗಂಟೆಯಲ್ಲಿ ಸುಮಾರು ಒಂದು. ಇಂಥ ಸಂಖ್ಯೆಗಳು ಅದರಲ್ಲಿವೆ. ಆದರೆ ಈ ಸಂಖ್ಯೆಗಳಲ್ಲಿ ಬಹುಪಾಲು ಬಂದಿದ್ದು ಬಸ್ಸು, ಕಾಲುದಾರಿ ಸರಿಯಾಗಿ ಇಲ್ಲದ ಉಪನಗರಗಳಿಂದ. ಅವನ್ನೇ ರೈಲು ನಿಲ್ದಾಣದ ಪಕ್ಕದ ಕಟ್ಟಡಕ್ಕೆ ಹಚ್ಚಿದರೆ ಕಾರುಗಳ ಸಂಖ್ಯೆ ಉಬ್ಬಿಕೊಳ್ಳುತ್ತದೆ. ನುರಿತ ಕನ್ಸಲ್ಟೆಂಟ್ ಅದನ್ನು ತಗ್ಗಿಸಿ ಬರೆಯುತ್ತಾರೆ, ಎಲ್ಲರೂ ಹಾಗೆ ಮಾಡುವುದಿಲ್ಲ.

ಕೊನೆಗೆ ಹೊಸ ಕಾರುಗಳನ್ನು ಹಳೆಯ ಎಣಿಕೆಗೆ ಕೂಡಿಸಿ ತಡ ಎಷ್ಟಾಗುತ್ತದೆ ಎಂದು ನೋಡುತ್ತಾರೆ. ಡಿ ದರ್ಜೆಗಿಂತ ಕೆಳಗೆ ಹೋಗಬಾರದು ಎಂದು ಬಹಳ ಊರುಗಳು ನಿಯಮ ಮಾಡಿಕೊಂಡಿದ್ದವು. ಜಂಕ್ಷನ್‌ನಲ್ಲಿ ಈಗ 40 ಸೆಕೆಂಡ್ ತಡವಾಗುತ್ತಿದೆ ಎಂದುಕೊಳ್ಳಿ. ಮೊದಲು ಬಂದ ಬಿಲ್ಡರ್ ಅದನ್ನು 47 ಮಾಡುತ್ತಾರೆ, ಏನೂ ತೊಂದರೆಯಿಲ್ಲ. ಎರಡನೆಯವರು 54 ಮಾಡುತ್ತಾರೆ, ಅವರೂ ಪಾರು. ಮೂರನೆಯವರು ಬರೀ ಎರಡು ಸೆಕೆಂಡ್ ಸೇರಿಸಿದರೂ ಗಡಿ ದಾಟಿತು. ಪೂರ್ತಿ ಭಾರ ಅವರ ತಲೆಗೆ. ಹೀಗಾಗಿ ಆಗಲೇ ತುಂಬಿರುವ ನಗರದ ನಡುವೆ ಕಟ್ಟುವವರಿಗೇ ಶಿಕ್ಷೆ.

ಆ ಭಾರ ಇಳಿಸಿಕೊಳ್ಳುವ ದಾರಿ ಏನು? ರಸ್ತೆ ಅಗಲ ಮಾಡಿ, ತಿರುಗಲು ಇನ್ನೊಂದು ಲೇನ್ ಹಾಕಿ, ಇಲ್ಲವೇ ಮನೆಗಳ ಸಂಖ್ಯೆ ಕಡಿಮೆ ಮಾಡಿ. ಲೇನ್ ಸೇರಿಸಿದರೆ ಕಾರಿಗೆ ಕೆಲವು ಸೆಕೆಂಡ್ ಉಳಿಯುತ್ತದೆ. ರಸ್ತೆ ದಾಟುವ ಮುದುಕರಿಗೆ, ಮಕ್ಕಳಿಗೆ ದಾಟಬೇಕಾದ ದೂರ ಹೆಚ್ಚುತ್ತದೆ. ಆ ನಷ್ಟಕ್ಕೆ ಎಲ್‌ಒಎಸ್ ಕೋಷ್ಟಕದಲ್ಲಿ ಜಾಗವೇ ಇರಲಿಲ್ಲ. ಕಾರಿನೊಳಗೆ ಕೂತವರ ಸಮಯವನ್ನು ಸೆಕೆಂಡಿನ ಲೆಕ್ಕದಲ್ಲಿ ಕಾಪಾಡಿ, ಹೊರಗೆ ನಡೆಯುವವರ ಪ್ರಾಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಅಳತೆಯನ್ನು ಪರಿಸರ ಕಾನೂನಿನ ಹೆಸರಲ್ಲಿ ದಶಕಗಳ ಕಾಲ ಬಳಸಿದ್ದು ದೊಡ್ಡ ಅನ್ಯಾಯ.

ಒಂದೇ ಕಟ್ಟಡ, ಎರಡು ಜಾಗ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸಂಖ್ಯೆಗಳು ಸುಮ್ನೆ ಲೆಕ್ಕ ತೋರಿಸಲಿಕ್ಕೆ. ನೂರು ಮನೆ, 250 ಜನ. ಆ ಪ್ರದೇಶದಲ್ಲಿ ಒಬ್ಬರು ದಿನಕ್ಕೆ ಸರಾಸರಿ 20 ಮೈಲಿ ಕಾರು ಓಡಿಸುತ್ತಾರೆ ಎಂದುಕೊಳ್ಳಿ.

ಕಟ್ಟಡ ನಗರದ ನಡುವೆ ಬಂದರೆ ಅಂಗಡಿ, ಶಾಲೆ, ಕೆಲಸ ಎಲ್ಲ ಹತ್ತಿರ. ಒಬ್ಬರಿಗೆ 12 ಮೈಲಿ, ಒಟ್ಟು ದಿನಕ್ಕೆ 3,000 ಮೈಲಿ. ಅದೇ ಕಟ್ಟಡ ಊರಂಚಿನಲ್ಲಿ ಬಂದರೆ ಹಾಲಿಗೂ ಕಾರು ತೆಗೆಯಬೇಕು. ಒಬ್ಬರಿಗೆ 30 ಮೈಲಿ, ಒಟ್ಟು 7,500 ಮೈಲಿ. ಎರಡೂವರೆ ಪಟ್ಟು.

ಈಗ ಎಲ್‌ಒಎಸ್ ಹಾಕಿ ನೋಡಿ. ನಗರದ ನಡುವಿನ ಜಂಕ್ಷನ್ ಆಗಲೇ ಗಡಿಯಲ್ಲಿದೆ, ನಾಲ್ಕು ಕಾರು ಸೇರಿದರೂ ಫೇಲ್. ಊರಂಚಿನ ಜಂಕ್ಷನ್ ಖಾಲಿ, ಆರಾಮಾಗಿ ಪಾಸ್. ಆದರೆ ಊರಂಚಿನವರು ಮನೆ ಮುಂದಿನ ಜಂಕ್ಷನ್ ದಾಟಿ ಅಲ್ಲೇ ನಿಲ್ಲುವುದಿಲ್ಲ. ಹೈವೇ ಹತ್ತುತ್ತಾರೆ, ಹತ್ತಾರು ಮೈಲಿ ಆಚೆ ಇನ್ನಾವುದೋ ಊರಿನ ದಟ್ಟಣೆಗೆ ಸೇರುತ್ತಾರೆ. ಅಷ್ಟು ದೂರದ ಜಂಕ್ಷನ್ ವರದಿಯ ವ್ಯಾಪ್ತಿಯಲ್ಲಿ ಇರುವುದಿಲ್ಲ. ಕಟ್ಟಡದ ಸುತ್ತಲಿನ ನಾಲ್ಕಾರು ಸಿಗ್ನಲ್ ನೋಡಿದರೆ ಸಾಕು ಎಂಬ ಅಳತೆ, ಜನರನ್ನು ದೂರ ದೂರ ತಳ್ಳಿ ಒಟ್ಟು ಟ್ರಾಫಿಕ್ಕನ್ನು ಹೆಚ್ಚಿಸಿತು.

ನಗರದ ನಡುವಿನ ಕಟ್ಟಡದಿಂದಲೂ 3,000 ಮೈಲಿ ಹೆಚ್ಚಿತಲ್ಲ ಎಂದು ಕೇಳಬಹುದು. ನಿಜ. ಆದರೆ ಆ 250 ಜನ ಎಲ್ಲಾದರೂ ಇರಲೇಬೇಕು. ಇಲ್ಲಿ ಮನೆ ಸಿಗದಿದ್ದರೆ ಇನ್ನೆಲ್ಲೋ ಹುಡುಕುತ್ತಾರೆ, ಬಹಳ ಸಲ ಅದು ಊರಂಚೇ ಆಗಿರುತ್ತದೆ. ಅದಕ್ಕೇ ಹೊಸ ಲೆಕ್ಕ ಒಟ್ಟು ಮೈಲಿಗಿಂತ ತಲಾ ಮೈಲಿಯನ್ನು ನೋಡುತ್ತದೆ.

ಸೈಕಲ್ ದಾರಿಗೆ ನಾಲ್ಕು ವರ್ಷ ತಡೆ

ಹಳೆಯ ಅಳತೆಯ ವಿಚಿತ್ರ ಬರೀ ಕಟ್ಟಡಗಳಿಗೆ ನಿಲ್ಲಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ನಗರ ಸೈಕಲ್ ದಾರಿಗಳ ಯೋಜನೆ ಮಾಡಿತು. ಪರಿಸರ ಪರಿಶೀಲನೆ ನಡೆದಿಲ್ಲ ಎಂದು ಸೀಕ್ವಾ ಅಡಿಯಲ್ಲಿ ಕೇಸು ಬಿತ್ತು. 2006ರಲ್ಲಿ ನ್ಯಾಯಾಲಯ ತಡೆ ನೀಡಿತು. ಕಾರಿನ ಲೇನ್ ತೆಗೆದು ಸೈಕಲ್‌ಗೆ ಕೊಟ್ಟರೆ ಕಾರುಗಳಿಗೆ ತಡವಾಗುತ್ತದೆ, ಆ ತಡ ಪರಿಸರದ ಮೇಲಿನ ಪರಿಣಾಮ, ಆದ್ದರಿಂದ ಅದನ್ನು ಜಂಕ್ಷನ್ ಜಂಕ್ಷನ್ ಲೆಕ್ಕ ಹಾಕಬೇಕು. ಪರಿಶೀಲನೆ ಮುಗಿದು ತಡೆ ತೆರವಾಗುವಾಗ 2010ರ ಆಗಸ್ಟ್. ಹೊಗೆ ಬಿಡದ ವಾಹನದ ದಾರಿಯನ್ನು ಪರಿಸರ ಕಾನೂನೇ ನಾಲ್ಕು ವರ್ಷ ಹಿಡಿದು ನಿಲ್ಲಿಸಿತು. ಬಸ್ಸಿಗೆ ಬೇರೆ ಲೇನ್ ಮಾಡುವ ಯೋಜನೆಗಳಿಗೂ ಇದೇ ತೊಡಕು. ಐವತ್ತು ಜನ ಕೂತ ಬಸ್ಸೂ ಒಬ್ಬನೇ ಕೂತ ಕಾರೂ ಸಿಗ್ನಲ್‌ನಲ್ಲಿ ಒಂದೊಂದು ವಾಹನ, ಅಷ್ಟೇ.

2013ರ ಕಾನೂನು

ಬದಲಾವಣೆ ಬಂದಿದ್ದು ಎಸ್‌ಬಿ 743 ಎಂಬ ಕಾನೂನಿನಿಂದ. ಸೆನೆಟರ್ ಡ್ಯಾರೆಲ್ ಸ್ಟೈನ್‌ಬರ್ಗ್ ಮಂಡಿಸಿದ್ದರು, 2013ರ ಸೆಪ್ಟೆಂಬರ್‌ನಲ್ಲಿ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದರು. ಆಗ ಪತ್ರಿಕೆಗಳಲ್ಲಿ ಸುದ್ದಿಯಾಗಿದ್ದು ಸ್ಯಾಕ್ರಮೆಂಟೋ ಕಿಂಗ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಕ್ರೀಡಾಂಗಣಕ್ಕೆ ಅದರಲ್ಲಿ ಕೊಟ್ಟಿದ್ದ ಅನುಕೂಲ. ಸಾರಿಗೆ ಅಳತೆಯ ಭಾಗದ ಕಡೆ ಹೆಚ್ಚಿನವರ ಕಣ್ಣು ಹೋಗಲಿಲ್ಲ. ಆದರೆ ಉಳಿದುಕೊಂಡಿದ್ದು ಅದೇ. ಹೊಸ ಮಾರ್ಗಸೂಚಿ ಬಂದ ಮೇಲೆ ಕಾರುಗಳಿಗೆ ಆಗುವ ತಡವನ್ನು ಪರಿಸರದ ಮೇಲಿನ ಗಮನಾರ್ಹ ಪರಿಣಾಮ ಎಂದು ಎಣಿಸುವಂತಿಲ್ಲ ಎಂದು ಅದು ಹೇಳಿತು.

ಪ್ಯಾಸಡೀನಾ 2014ರಲ್ಲೇ ಹೊಸ ದಾರಿ ಹಿಡಿಯಿತು. ಸ್ಯಾನ್ ಫ್ರಾನ್ಸಿಸ್ಕೋ 2016ರ ಮಾರ್ಚ್‌ನಲ್ಲಿ, ಲಾಸ್ ಏಂಜಲೀಸ್ 2019ರಲ್ಲಿ. ರಾಜ್ಯದ ಮಾರ್ಗಸೂಚಿ 2018ರ ಡಿಸೆಂಬರ್‌ನಲ್ಲಿ ಅಂತಿಮವಾಗಿ, 2020ರ ಜುಲೈ 1ರಿಂದ ಎಲ್ಲ ಕಡೆ ಕಡ್ಡಾಯವಾಯಿತು. ಹೊಸ ಅಳತೆ ವಾಹನ ಮೈಲಿ, ಅಧಿಕಾರಿಗಳ ಬಾಯಲ್ಲಿ ವಿಎಂಟಿ.

ರಾಜ್ಯದ ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇ 40 ಸಾರಿಗೆಯಿಂದ ಬರುತ್ತದೆ. 2030ರ ಹೊತ್ತಿಗೆ ಒಟ್ಟು ಹೊರಸೂಸುವಿಕೆಯನ್ನು 1990ರ ಮಟ್ಟಕ್ಕಿಂತ ಶೇ 40ರಷ್ಟು ಕೆಳಗಿಳಿಸಬೇಕು ಎಂಬ ಕಾನೂನೂ ಇದೆ. ಒಂದು ಕೈಯಲ್ಲಿ ಈ ಗುರಿ, ಇನ್ನೊಂದು ಕೈಯಲ್ಲಿ ಕಾರು ಓಡಾಟ ಹೆಚ್ಚಿಸುವ ಅಳತೆ ಹಿಡಿದು ಹೋಗುವುದು ಸಾಧ್ಯವಿರಲಿಲ್ಲ.

ಮೈಲಿ ಲೆಕ್ಕ ಹಾಕುವುದು ಹೇಗೆ

ಇಲ್ಲಿ ರಸ್ತೆ ಬದಿಯ ಎಣಿಕೆ ಇಲ್ಲ. ಜನ ಎಲ್ಲಿಂದ ಎಲ್ಲಿಗೆ, ಹೇಗೆ ಹೋಗುತ್ತಾರೆ ಎಂಬ ಮನೆ ಮನೆ ಸಮೀಕ್ಷೆಯ ಮೇಲೆ ಕಟ್ಟಿದ ಕಂಪ್ಯೂಟರ್ ಮಾದರಿ ಇರುತ್ತದೆ. ನಗರವನ್ನು ಸಣ್ಣ ಸಣ್ಣ ವಲಯಗಳಾಗಿ ಭಾಗ ಮಾಡಿ ಪ್ರತಿ ವಲಯದ ತಲಾ ಮೈಲಿಯನ್ನು ನಕ್ಷೆಯಲ್ಲಿ ಬಣ್ಣದಲ್ಲಿ ತೋರಿಸುತ್ತಾರೆ. ರಾಜ್ಯದ ಸಲಹೆಯ ಪ್ರಕಾರ, ಹೊಸ ವಸತಿ ಯೋಜನೆಯ ತಲಾ ಮೈಲಿ ಈಗಿನ ಸರಾಸರಿಗಿಂತ ಶೇ 15ರಷ್ಟು ಕಡಿಮೆ ಇರಬೇಕು. ಮೇಲಿನ ಉದಾಹರಣೆಯಲ್ಲಿ ಸರಾಸರಿ 20, ಗಡಿ 17. ಹನ್ನೆರಡರವರು ಪಾಸ್, ಮೂವತ್ತರವರು ಫೇಲ್.

ಕೆಲವಕ್ಕೆ ಲೆಕ್ಕವೇ ಬೇಡ. ದಿನಕ್ಕೆ 110ಕ್ಕಿಂತ ಕಡಿಮೆ ಪ್ರಯಾಣ ಹುಟ್ಟಿಸುವ ಸಣ್ಣ ಯೋಜನೆಗಳು, ದೊಡ್ಡ ರೈಲು ಅಥವಾ ಬಸ್ ನಿಲ್ದಾಣದಿಂದ ಅರ್ಧ ಮೈಲಿಯೊಳಗಿನ ಯೋಜನೆಗಳು, ಅಂದರೆ ಸುಮಾರು 800 ಮೀಟರ್ ಒಳಗಿನವು, ಗಮನಾರ್ಹ ಪರಿಣಾಮ ಇಲ್ಲದವು ಎಂದೇ ಭಾವಿಸಬಹುದು. ಆದರೆ ನಿಲ್ದಾಣದ ಪಕ್ಕ ಕಟ್ಟಿ, ನಿಯಮಕ್ಕಿಂತ ಜಾಸ್ತಿ ಪಾರ್ಕಿಂಗ್ ಕೊಟ್ಟರೆ ಈ ರಿಯಾಯಿತಿ ಸಿಗುವುದಿಲ್ಲ. ಇದು ಸರಿಯಾದ ಷರತ್ತು. ಕಾರು ನಿಲ್ಲಿಸಲು ಧಾರಾಳ ಜಾಗ ಕೊಟ್ಟ ಮೇಲೆ ರೈಲು ಪಕ್ಕದಲ್ಲಿದ್ದರೂ ಜನ ಕಾರನ್ನೇ ತೆಗೆಯುತ್ತಾರೆ.

ಅಸಮಾಧಾನ ಯಾರಿಗೆ

ಮೊದಲು ಅಕ್ಕಪಕ್ಕದ ನಿವಾಸಿಗಳು. 'ಪರಿಣಾಮ ಇಲ್ಲ' ಎಂಬ ಮಾತು ಅವರಿಗೆ ಹಸಿ ಸುಳ್ಳಿನಂತೆ ಕೇಳಿಸುತ್ತದೆ. ಅವರ ಸಿಟ್ಟಿಗೆ ಕಾರಣವಿದೆ. ಕಾನೂನು ಹೇಳುತ್ತಿರುವುದು 'ಸೀಕ್ವಾ ಕಾನೂನಿನ ಅರ್ಥದಲ್ಲಿ ಪರಿಸರಕ್ಕೆ ಹಾನಿ ಇಲ್ಲ' ಎಂದಷ್ಟೇ. ಸಿಗ್ನಲ್‌ನಲ್ಲಿ ಕಾಯುವುದು ಹೆಚ್ಚುವುದಿಲ್ಲ ಎಂದು ಯಾರೂ ಹೇಳಿಲ್ಲ. ಈ ವ್ಯತ್ಯಾಸವನ್ನು ನಗರಾಡಳಿತಗಳು ಸಾರ್ವಜನಿಕ ಸಭೆಯಲ್ಲಿ ಬಾಯಿಬಿಟ್ಟು ಹೇಳಬೇಕು. ಹೇಳದೆ ವರದಿಯ ಭಾಷೆಯ ಹಿಂದೆ ಅಡಗಿಕೊಂಡರೆ ಹೊಸ ಮನೆಗಳ ವಿರುದ್ಧವೇ ಜನ ತಿರುಗಿ ಬೀಳುತ್ತಾರೆ.

ಜಂಕ್ಷನ್ ನೋಡಬಾರದು ಎಂದೂ ಕಾನೂನು ಹೇಳಿಲ್ಲ. ಪರಿಸರ ಪರಿಶೀಲನೆಯ ಹೊರಗೆ, ತಮ್ಮ ಸ್ಥಳೀಯ ನಿಯಮದ ಪ್ರಕಾರ ಊರುಗಳು ಅದನ್ನು ಅಳೆಯಬಹುದು. ಸ್ಯಾನ್ ಹೊಸೆ ನಗರ ಸ್ಥಳೀಯ ಸಾರಿಗೆ ವಿಶ್ಲೇಷಣೆ ಎಂಬ ಬೇರೆ ವರದಿಯನ್ನೇ ಕೇಳುತ್ತದೆ. ಜನ ರಸ್ತೆ ದಾಟುವುದು ಹೇಗೆ, ಬಸ್ಸು ನಿಲ್ಲುವುದು ಎಲ್ಲಿ, ಗ್ಯಾರೇಜಿನ ಬಾಗಿಲು ಕಾಲುದಾರಿಗೆ ಅಡ್ಡ ಬರುತ್ತದೆಯೇ ಎಂಬುದನ್ನು ನೋಡಬೇಕಾದ ಜಾಗ ಇಂಥ ವರದಿ.

ಊರಂಚಿನ ಬಿಲ್ಡರ್‌ಗಳದ್ದು ಬೇರೆ ದೂರು. ಅಲ್ಲಿ ಬಸ್ ಪಾಸ್ ಹಂಚಿ, ಸೈಕಲ್ ಸ್ಟ್ಯಾಂಡ್ ಹಾಕಿ ತಗ್ಗಿಸಬಹುದಾದ್ದು ಸ್ವಲ್ಪವೇ. ಬಸ್ಸೇ ಬರದ ಕಡೆ ಪಾಸ್ ಇಟ್ಟುಕೊಂಡು ಏನು ಮಾಡುವುದು? ಮೂವತ್ತು ಮೈಲಿಯನ್ನು ಹದಿನೇಳಕ್ಕೆ ಇಳಿಸಲು ಆಗುವುದೇ ಇಲ್ಲ. ಹಾಗಾಗಿ 'ತಗ್ಗಿಸಲಾಗದ ಪರಿಣಾಮ' ಎಂದು ಪೂರ್ತಿ ಪರಿಸರ ವರದಿ ಬರೆಸಬೇಕು. ಚುನಾಯಿತ ಮಂಡಳಿ 'ಆದರೂ ಯೋಜನೆಯ ಲಾಭ ದೊಡ್ಡದು' ಎಂದು ಕಾರಣ ಕೊಟ್ಟು ಒಪ್ಪಬೇಕು. ಆಮೇಲೆ ಯಾರಾದರೂ ಕೋರ್ಟಿಗೆ ಹೋಗಬಹುದು. ಈ ಖರ್ಚೆಲ್ಲ ಕೊನೆಗೆ ಮನೆಯ ಬೆಲೆಗೆ ಸೇರುತ್ತದೆ ಎಂಬುದು ಅವರ ವಾದ.

ಗ್ರಾಮೀಣ ಕೌಂಟಿಗಳ ಮಾತು ಇನ್ನೂ ಗಟ್ಟಿ. ಅಲ್ಲಿ ರೈಲೂ ಇಲ್ಲ, ಹತ್ತಿರದ ಆಸ್ಪತ್ರೆಯೇ ಮೂವತ್ತು ಮೈಲಿ. ಎಲ್ಲಿ ಕಟ್ಟಿದರೂ ಮೈಲಿ ಹೆಚ್ಚೇ. ನಗರದ ಮನೆ ಕೈಗೆಟುಕದೆ ದೂರ ಹೋದ ಬಡವರೇ ಇದರ ಬಿಸಿ ಉಣ್ಣುತ್ತಾರೆ. ಈ ವಾದವನ್ನು ತಳ್ಳಿಹಾಕಲು ಬರುವುದಿಲ್ಲ. ಅಳತೆ ಸರಿಯಿದ್ದರೂ ನಗರದೊಳಗೆ ಸಾಕಷ್ಟು ಮನೆ ಕಟ್ಟಲು ಬಿಡದಿದ್ದರೆ, ಅದು ದೂರ ಹೋದವರಿಗೆ ದಂಡವಾಗುತ್ತದೆ. ಎಬಿ 130 ನಗರದೊಳಗೆ 20 ಎಕರೆವರೆಗಿನ ಜಾಗದ ವಸತಿ ಯೋಜನೆಗಳನ್ನು ಸೀಕ್ವಾದಿಂದ ಬಿಟ್ಟಿದ್ದು ಇದೇ ಕಾರಣಕ್ಕೆ ಮುಖ್ಯ. ಷರತ್ತುಗಳಿವೆ, ಆದರೂ ದಾರಿ ತೆರೆದಿದೆ.

ರಸ್ತೆಗೆ ಇನ್ನೊಂದು ನ್ಯಾಯ

ಹೊಸ ನಿಯಮದಲ್ಲಿ ಒಂದು ದೊಡ್ಡ ತೂತಿದೆ. ಕಟ್ಟಡಗಳಿಗೆ ಮೈಲಿ ಲೆಕ್ಕ ಕಡ್ಡಾಯ. ರಸ್ತೆಯ ಸಾಮರ್ಥ್ಯ ಹೆಚ್ಚಿಸುವ ಯೋಜನೆಗಳಿಗೆ ಮಾತ್ರ ಯಾವ ಅಳತೆ ಬೇಕೋ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಆಯಾ ಸಂಸ್ಥೆಗೆ ಬಿಟ್ಟಿದ್ದಾರೆ. ರಾಜ್ಯದ ಹೈವೇ ಇಲಾಖೆ ಕ್ಯಾಲ್‌ಟ್ರಾನ್ಸ್ 2020ರಲ್ಲಿ ತಾನಾಗಿಯೇ ಮೈಲಿ ಲೆಕ್ಕಕ್ಕೆ ಬಂತು. ಸ್ಥಳೀಯ ಸಂಸ್ಥೆಗಳು ಬರಲೇಬೇಕೆಂದಿಲ್ಲ.

ಆದರೆ ರಸ್ತೆ ಅಗಲವಾದರೆ ಓಡಾಟ ಹೆಚ್ಚುತ್ತದೆ ಎಂಬುದು ಅನುಮಾನದ ಮಾತಲ್ಲ. ಅರ್ಥಶಾಸ್ತ್ರಜ್ಞರಾದ ಗಿಲ್ಸ್ ಡ್ಯುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ 2011ರಲ್ಲಿ ಅಮೆರಿಕದ ಮಹಾನಗರಗಳ ಲೆಕ್ಕ ತೆಗೆದು ತೋರಿಸಿದರು. ಅಂತರರಾಜ್ಯ ಹೈವೇಯ ಲೇನ್ ಎಷ್ಟು ಪಾಲು ಹೆಚ್ಚುತ್ತದೋ ವಾಹನ ಓಡುವ ದೂರವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚುತ್ತದೆ. ಮನೆ ಕಟ್ಟುವವರಿಂದ ಮೈಲಿಯ ಲೆಕ್ಕ ಕೇಳಿ, ಮೈಲಿಯನ್ನೇ ಹುಟ್ಟಿಸುವ ರಸ್ತೆಯಿಂದ ಕೇಳದಿರುವುದು ಸರಿಯಲ್ಲ.

ಮೈಲಿಗೆ ಬೆಲೆ ಕಟ್ಟುವಾಗ

ಈಗ ಎಲ್ಲರ ಕಣ್ಣು ಇರಬೇಕಾದ್ದು ಎಬಿ 130ರ ಹಣದ ಭಾಗದ ಮೇಲೆ. ಗಡಿ ದಾಟಿದ ಯೋಜನೆ ರಾಜ್ಯದ ನಿಧಿಗೆ ಹಣ ಕಟ್ಟಬಹುದು. ಆ ಹಣ ನಿಲ್ದಾಣಗಳ ಹತ್ತಿರ ಕೈಗೆಟುಕುವ ಮನೆಗಳಿಗೆ, ಅದಕ್ಕೆ ಬೇಕಾದ ಸೌಲಭ್ಯಗಳಿಗೆ ಹೋಗುತ್ತದೆ. ಎಷ್ಟು ಕಟ್ಟಬೇಕು ಎಂಬ ಮಾರ್ಗದರ್ಶನ ಕೊಡಲು ಕಾನೂನು ಇಟ್ಟ ಗಡುವು 2026ರ ಜುಲೈ 1.

ಆ ದರದಲ್ಲೇ ಎಲ್ಲವೂ ಇದೆ. ದರ ತೀರಾ ಕಡಿಮೆಯಾದರೆ ಊರಂಚಿನ ಬಿಲ್ಡರ್ ಹಣ ಬಿಸಾಕಿ ಮೊದಲಿನಂತೆಯೇ ಕಟ್ಟುತ್ತಾರೆ. ದಿನಕ್ಕೆ 7,500 ಮೈಲಿ ಹಾಗೇ ಉಳಿಯುತ್ತದೆ. ಆ ಹಣದಿಂದ ಬೇರೆಲ್ಲೋ ಉಳಿಯುವ ಮೈಲಿ ಅದಕ್ಕೆ ಸಮನಾಗದೆ ಹೋಗಬಹುದು. ದರ ತೀರಾ ಜಾಸ್ತಿಯಾದರೆ ಮನೆಗಳೇ ಕಟ್ಟುವುದಿಲ್ಲ.

ದರಕ್ಕೆ ನ್ಯಾಯಾಲಯದ ಕಡೆಯಿಂದಲೂ ಒಂದು ಕಡಿವಾಣವಿದೆ. ಕ್ಯಾಲಿಫೋರ್ನಿಯಾದ ಎಲ್ ಡೊರಾಡೊ ಕೌಂಟಿ, ಒಂದು ಸಿದ್ಧ ಮನೆ ತಂದು ಇಡಲು ಹೊರಟವರಿಂದ 23,420 ಡಾಲರ್ ಟ್ರಾಫಿಕ್ ಶುಲ್ಕ ಪಡೆದಿತ್ತು. ಶೀಟ್ಜ್ ಪ್ರಕರಣ ಎಂದು ಹೆಸರಾದ ಈ ವ್ಯಾಜ್ಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2024ರ ಏಪ್ರಿಲ್ 12ರಂದು ಒಮ್ಮತದ ತೀರ್ಪು ಕೊಟ್ಟಿತು. ಶಾಸನಸಭೆಯ ಮೂಲಕ ಎಲ್ಲರಿಗೂ ಹಾಕಿದ ಶುಲ್ಕ ಎಂಬ ಒಂದೇ ಕಾರಣಕ್ಕೆ ಅದು ಸಂವಿಧಾನದ ಪರೀಕ್ಷೆಯಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದಿತು. ಯೋಜನೆಯಿಂದ ಆಗುವ ಪರಿಣಾಮಕ್ಕೂ ಕೇಳುವ ಹಣಕ್ಕೂ ಸಂಬಂಧ ಇರಬೇಕು, ಎರಡರ ಪ್ರಮಾಣವೂ ಹೆಚ್ಚುಕಡಿಮೆ ಹೊಂದಬೇಕು ಎಂಬುದು ಆ ಪರೀಕ್ಷೆ. ಒಂದಿಡೀ ಗುಂಪಿಗೆ ಸೂತ್ರದ ಮೇಲೆ ಹಾಕುವ ಶುಲ್ಕವನ್ನೂ ಒಂಟಿ ಮನೆಯಷ್ಟೇ ಬಿಗಿಯಾಗಿ ತೂಗಬೇಕೇ ಎಂಬ ಪ್ರಶ್ನೆಯನ್ನು ಕೋರ್ಟ್ ಅಂದು ಮುಟ್ಟಲಿಲ್ಲ.

ಹಾಗಾಗಿ ಮೈಲಿ ದರ ಗೊತ್ತುಮಾಡುವವರು ಎರಡು ಲೆಕ್ಕವನ್ನು ಬಿಡಿಸಿ ತೋರಿಸಬೇಕಾಗುತ್ತದೆ. ಈ ಬಡಾವಣೆಯಿಂದ ಇಷ್ಟು ಮೈಲಿ ಹೆಚ್ಚುತ್ತದೆ ಎಂಬುದು ಒಂದು. ಈ ಹಣದಿಂದ ಇಂಥ ನಿಲ್ದಾಣದ ಬಳಿ ಇಷ್ಟು ಮನೆ ಎದ್ದು ಇಷ್ಟು ಮೈಲಿ ಉಳಿಯುತ್ತದೆ ಎಂಬುದು ಇನ್ನೊಂದು. ಹಣ ಕಟ್ಟಿದ ಊರಿಗೂ ಮನೆ ಎದ್ದ ಊರಿಗೂ ನೂರು ಮೈಲಿ ಅಂತರವಿದ್ದರೆ, ಆ ಸಂಬಂಧವನ್ನು ನ್ಯಾಯಾಧೀಶರಿಗೆ ಒಪ್ಪಿಸುವುದು ಸುಲಭವಿಲ್ಲ. ನಗರ ಸಭೆಗಳಲ್ಲಿ ಸೆಕೆಂಡಿನ ಮೇಲೆ ನಡೆಯುತ್ತಿದ್ದ ಜಗಳ ಮುಂದೆ ಈ ಲೆಕ್ಕದ ಮೇಲೆ ನಡೆಯಲಿದೆ.